ಗೆಳೆಯರು ಕಡಲೂರಿಗೆ ಬಂದಾಗ: ಮಳೆಗಾಲ ಮುಗಿದ ಮೇಲಿನ ಎರಡು ದಿನಕ್ಕೆ ಕುಂದಾಪುರದ ಲೆಕ್ಕಾಚಾರ

ನವರಾತ್ರಿ ಮುಗಿಯುವುದೇ ತಡ, ನನ್ನ ಫೋನಿಗೆ ಮೆಸೇಜು ಶುರು. "ಮಳೆ ನಿಂತಿತಾ? ಬರಬಹುದಾ?" ಬೆಂಗಳೂರಿನ ಕಾಲೇಜು ಗೆಳತಿಯರು, ಧಾರವಾಡದಲ್ಲಿ ಜೊತೆಗೆ ಕೆಲಸ ಮಾಡಿದವರು, ಅವರ ಮಕ್ಕಳುಮರಿ. ಕಡಲ ಪಕ್ಕ ಮನೆ ಇದ್ದವರಿಗೆ ಇದು ತಪ್ಪಿದ್ದಲ್ಲ. ತಪ್ಪುವುದೂ ಬೇಡ ಬಿಡಿ, ನಮಗೂ ವರ್ಷಕ್ಕೊಮ್ಮೆ ಮನೆ ತುಂಬಿದರೆ ಖುಷಿಯೇ.

ಮೊದಲ ಸಲ ಬಂದಾಗ ನಾನು ಒಂದು ಪಟ್ಟಿ ಮಾಡಿಟ್ಟಿದ್ದೆ. ಉಡುಪಿ, ಮಲ್ಪೆ, ಕಾಪು ದೀಪಸ್ತಂಭ, ಮರವಂತೆ, ಕೊಲ್ಲೂರು, ಮುರ್ಡೇಶ್ವರ, ಸಾಧ್ಯವಾದರೆ ಆಗುಂಬೆ. ಎರಡು ದಿನಕ್ಕೆ ಏಳು ಜಾಗ! ಮರವಂತೆಗೆ ತಲುಪಿದ್ದು ಮಧ್ಯಾಹ್ನ ಒಂದೂವರೆಗೆ. ಮರಳು ಕಾದ ಕಾವಲಿಯ ಹಾಗಿತ್ತು. ಗೆಳತಿಯ ಮಗ ಚಪ್ಪಲಿ ಬಿಚ್ಚಿ ನಾಲ್ಕು ಹೆಜ್ಜೆ ಇಟ್ಟವನು ಅಳುತ್ತಾ ವಾಪಸ್ ಕಾರು ಹತ್ತಿದ. ಸಂಜೆ ಸೂರ್ಯ ಮುಳುಗುವ ಹೊತ್ತಿಗೆ ನಾವು ಎಲ್ಲಿದ್ದೆವು ಗೊತ್ತಾ? ಪೆಟ್ರೋಲ್ ಬಂಕಿನ ಕ್ಯೂನಲ್ಲಿ.

ಆಮೇಲೆ ನಾನು ಮ್ಯಾಪ್ ಮುಚ್ಚಿಟ್ಟು ಗೋಡೆಯ ಕ್ಯಾಲೆಂಡರ್ ನೋಡಲು ಕಲಿತೆ. ಯಾವ ಜಾಗ ಅನ್ನುವುದು ಆಮೇಲೆ. ಯಾವ ದಿನ, ಯಾವ ಹೊತ್ತು ಅನ್ನುವುದು ಮೊದಲು. ಕಡಲಿಗೂ ಮಳೆಗೂ ಅವುಗಳದ್ದೇ ಟೈಂಟೇಬಲ್ ಇದೆ, ಅದಕ್ಕೆ ನಮ್ಮದನ್ನು ಹೊಂದಿಸಿಕೊಂಡರೆ ಅರ್ಧ ಕೆಲಸ ಮುಗಿಯಿತು. ಕುಂದಾಪುರದ ಸುತ್ತಮುತ್ತಲಿನ ಲೆಕ್ಕ ಇದು. ಹೊನ್ನಾವರ, ಕುಮಟಾ ಕಡೆಯವರಿಗೂ ಹೆಚ್ಚುಕಡಿಮೆ ಹೊಂದುತ್ತದೆ.

ಹೆಜ್ಜೆ 1: ತಿಥಿ ನೋಡಿ ದಿನ ಹೇಳಿ

ಗೆಳೆಯರು "ಯಾವಾಗ ಬರೋಣ" ಅಂದರೆ "ಯಾವಾಗ ಬೇಕಾದರೂ ಬನ್ನಿ" ಅನ್ನಬೇಡಿ. ದಾಕ್ಷಿಣ್ಯಕ್ಕೆ ಹೇಳುವ ಈ ಮಾತೇ ಮುಂದಿನ ಎಲ್ಲ ಗಲಿಬಿಲಿಗೆ ಮೂಲ.

ಮೊದಲು ಮಳೆಯ ಲೆಕ್ಕ. ಸೆಪ್ಟೆಂಬರ್ ಕೊನೆಯಿಂದ ಹಸ್ತಾ, ಅಕ್ಟೋಬರ್ 10ರ ಆಸುಪಾಸಿಗೆ ಚಿತ್ತಾ, 23-24ರ ಹೊತ್ತಿಗೆ ಸ್ವಾತಿ, ನವೆಂಬರ್ ಮೊದಲ ವಾರ ವಿಶಾಖಾ. ಚಿತ್ತಾ ಮಳೆಯ ಸ್ವಭಾವ ನಿಮಗೆ ಗೊತ್ತೇ ಇರುತ್ತದೆ. ಬೆಳಿಗ್ಗೆ ಇಡೀ ಸೆಕೆ, ಬೆವರು. ಮಧ್ಯಾಹ್ನ ಮೂರರ ಮೇಲೆ ಘಟ್ಟದ ಕಡೆ ಕಪ್ಪಾಗುತ್ತದೆ. ನಾಲ್ಕೂವರೆಗೆ ಗುಡುಗು, ಮಿಂಚು, ಒಂದು ಗಂಟೆ ಧೋ ಅಂತ ಸುರಿದು ಖಾಲಿ. ಅಂದರೆ ಅಕ್ಟೋಬರ್ ಮಧ್ಯದಲ್ಲಿ ಬರುವವರಿಗೆ ಬೆಳಿಗ್ಗೆಯೇ ಭದ್ರ, ಸಂಜೆ ಅದೃಷ್ಟ. ನವೆಂಬರ್ ಎರಡನೇ ವಾರದಿಂದ ಸಂಜೆಯೂ ಸಾಮಾನ್ಯವಾಗಿ ನಮ್ಮದೇ.

ಹಾಗಂತ ಎಲ್ಲರನ್ನೂ ನವೆಂಬರ್‌ಗೇ ಕರೆಯಬೇಕು ಅಂತಲ್ಲ. ಅಕ್ಟೋಬರ್‌ನಲ್ಲಿ ಗದ್ದೆ ಹಳದಿ ತಿರುಗಿರುತ್ತದೆ, ಕೊಯ್ಲು ನಡೆದಿರುತ್ತದೆ, ಹೊಳೆ ತುಂಬಿರುತ್ತದೆ. ಫೋಟೋ ಹುಚ್ಚಿನವರು, ನಡೆಯುವವರು ಆಗ ಬರಲಿ. ನೀರಿಗಿಳಿಯಲೇಬೇಕು ಅನ್ನುವ ಮಕ್ಕಳಿರುವ ಮನೆಯವರು ನವೆಂಬರ್‌ಗೆ. ನಾನು ಹೀಗೇ ಹಂಚಿಬಿಡುತ್ತೇನೆ.

ಇನ್ನು ಭರತ-ಇಳಿತ. ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ, ಪ್ರತಿದಿನ ಸುಮಾರು 50 ನಿಮಿಷ ತಡವಾಗುತ್ತಾ ಹೋಗುತ್ತದೆ. ಅದಕ್ಕೇ ತಿಥಿ ಗೊತ್ತಿದ್ದರೆ ಹೊತ್ತು ಅಂದಾಜು ಮಾಡಬಹುದು. ನಮ್ಮ ಕರಾವಳಿಯಲ್ಲಿ ಹುಣ್ಣಿಮೆ, ಅಮಾವಾಸ್ಯೆ ಮತ್ತು ಅದರ ಮರುದಿನ ಸಾಮಾನ್ಯವಾಗಿ ಸಂಜೆ ಹೊತ್ತಿಗೆ ಇಳಿತ. ನೀರು ದೂರ ಸರಿದು ಗಟ್ಟಿ ಮರಳಿನ ಅಗಲವಾದ ಬಯಲು ಸಿಗುತ್ತದೆ. ಮಕ್ಕಳಿಗೆ ಓಡಲು, ದೊಡ್ಡವರಿಗೆ ನಡೆಯಲು ಇದಕ್ಕಿಂತ ಒಳ್ಳೆ ಜಾಗ ಇಲ್ಲ. ಅಷ್ಟಮಿಯ ಆಸುಪಾಸು ಇದರ ಉಲ್ಟಾ. ಸಂಜೆಯೇ ಭರತ, ಮರಳಿನ ಪಟ್ಟಿ ಕಿರಿದು. ದೀಪಾವಳಿ ಅಮಾವಾಸ್ಯೆಗೇ ಬರುವುದರಿಂದ ಆ ಸಂಜೆ ಕಡಲತೀರ ವಿಶಾಲವಾಗಿರುತ್ತದೆ. ಆದರೆ ಒಂದು ಮಾತು. ಹುಣ್ಣಿಮೆ-ಅಮಾವಾಸ್ಯೆಗೆ ನೀರು ಜಾಸ್ತಿ ಇಳಿದ ಹಾಗೇ ಜಾಸ್ತಿ ಏರುತ್ತದೆ ಕೂಡ. ನಿಮಿಷದ ಲೆಕ್ಕ ಬೇಕಾದರೆ ಕಡಲ ಮಾಹಿತಿ ಕೊಡುವ ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆಯವರ ವೆಬ್‌ಸೈಟಿನಲ್ಲಿ ಅಲೆಯ ಎತ್ತರದ ಮುನ್ಸೂಚನೆಯ ಜೊತೆಗೆ ಅದೂ ಸಿಗುತ್ತದೆ. ನಾನು ಹೊರಡುವ ಹಿಂದಿನ ರಾತ್ರಿ ಒಮ್ಮೆ ನೋಡಿಕೊಳ್ಳುತ್ತೇನೆ.

ಕಡಲ ಬಳಿ ಕಾರು ಇಳಿಸುವವರಿಗೆ ಇದು ಇನ್ನೂ ಮುಖ್ಯ. ನನ್ನ ಕಥೆ ಮುಂದೆ ಬರುತ್ತದೆ.

ಹೆಜ್ಜೆ 2: ಟಿಕೆಟ್ ಅವರ ತಲೆಗೆ, ಆದರೆ ನೆನಪಿಸುವುದು ನಿಮ್ಮ ತಲೆಗೆ

ಬೆಂಗಳೂರಿನಿಂದ ಬರುವವರಿಗೆ ಪಂಚಗಂಗಾ ಎಕ್ಸ್‌ಪ್ರೆಸ್ ರಾತ್ರಿ ಹತ್ತಿದರೆ ಬೆಳಿಗ್ಗೆ ಕುಂದಾಪುರ. ನಮ್ಮ ಹೊಳೆಯ ಹೆಸರೇ ಆ ರೈಲಿಗೆ. ರೈಲ್ವೆ ಬುಕಿಂಗ್ 2024ರ ನವೆಂಬರ್‌ನಿಂದ 60 ದಿನ ಮೊದಲು ತೆರೆಯುತ್ತದೆ. ಮೊದಲಿನ ಹಾಗೆ 120 ದಿನ ಅಲ್ಲ. ವಾರಾಂತ್ಯದ ಸೀಟು ಬೇಗ ಖಾಲಿ. ದೀಪಾವಳಿಯದ್ದಂತೂ ಕೇಳುವುದೇ ಬೇಡ.

ಕುಂದಾಪುರ ಸ್ಟೇಷನ್ ಇರುವುದು ಪೇಟೆಯಲ್ಲಲ್ಲ, ಮೂಡ್ಲಕಟ್ಟೆಯಲ್ಲಿ. ಇದನ್ನು ಮೊದಲೇ ಹೇಳಿ. "ಸ್ಟೇಷನ್ನಿಂದ ನಡೆದೇ ಬರ್ತೀವಿ" ಅಂತ ಸೂಟ್‌ಕೇಸ್ ಎಳೆದುಕೊಂಡು ಹೊರಟವರು ನನ್ನ ಬಳಗದಲ್ಲೇ ಇದ್ದಾರೆ. ರಿಕ್ಷಾ ಸಿಗುತ್ತದೆ.

ಕಾರಿನಲ್ಲಿ ಬರುವವರಿಗೆ ಒಂದೇ ಸೂಚನೆ. ಘಟ್ಟ ಹಗಲಲ್ಲಿ ಇಳಿಯಿರಿ. ಮಳೆಗಾಲ ಮುಗಿದ ಕೂಡಲೇ ಹುಲಿಕಲ್, ಆಗುಂಬೆ ಘಾಟಿಗಳಲ್ಲಿ ರಸ್ತೆ ಕೆಲಸ, ಕುಸಿದ ಅಂಚು, ಬೆಳಗಿನ ಮಂಜು ಎಲ್ಲ ಇರುತ್ತದೆ. ಯಾವ ಘಾಟಿಯಲ್ಲಿ ಯಾವ ವಾಹನ ಬಿಡುತ್ತಾರೆ ಅನ್ನುವುದೂ ವರ್ಷ ವರ್ಷ ಬದಲಾಗುತ್ತದೆ, ಹೊರಡುವ ಮೊದಲು ಕೇಳಿಕೊಳ್ಳಲಿ.

ಹೆಜ್ಜೆ 3: ಮೂರು ಪ್ರಶ್ನೆ ಮೊದಲೇ ಕೇಳಿ

ಒಂದು, ಮೀನು ತಿನ್ನುತ್ತೀರಾ? ಅಷ್ಟೇ ಕೇಳಿದರೆ ಸಾಲದು, ಶನಿವಾರ ತಿನ್ನುತ್ತೀರಾ ಅಂತಲೂ ಕೇಳಿ. ನಾನೊಮ್ಮೆ ಶನಿವಾರ ಬೆಳಿಗ್ಗೆ ಎರಡು ಕೆಜಿ ಅಂಜಲ್ ತಂದು ತೊಳೆದು ಮಸಾಲೆ ಹಚ್ಚಿಟ್ಟ ಮೇಲೆ ಗೊತ್ತಾಯಿತು, ಬಂದ ಐದು ಜನರಲ್ಲಿ ಮೂವರಿಗೆ ಶನಿವಾರ ವರ್ಜ್ಯ. ಆ ದಿನ ಪಕ್ಕದ ಮನೆಯವರಿಗೆಲ್ಲ ಹಬ್ಬ.

ಎರಡು, ಈಜು ಬರುತ್ತದಾ? "ಬರುತ್ತೆ" ಅಂದರೆ ಎಲ್ಲಿ ಕಲಿತಿದ್ದು ಅಂತ ಕೇಳಿ. ಅಪಾರ್ಟ್‌ಮೆಂಟಿನ ಈಜುಕೊಳದಲ್ಲಿ ಕಲಿತವರನ್ನು ಕಡಲ ಲೆಕ್ಕದಲ್ಲಿ ಈಜು ಬಾರದವರು ಅಂತಲೇ ಇಟ್ಟುಕೊಳ್ಳಿ. ಬೇಜಾರಾದರೆ ಆಗಲಿ.

ಮೂರು, ಮಂಡಿ ನೋವು, ಉಸಿರಿನ ತೊಂದರೆ, ಬೋಟಿನಲ್ಲಿ ವಾಂತಿ, ಇಂಥದ್ದೇನಾದರೂ ಇದೆಯಾ? ಜೊತೆಗೆ ಬರುವ ಅಪ್ಪ-ಅಮ್ಮನ ಬಗ್ಗೆ ವಿಶೇಷವಾಗಿ. ಭಾನುವಾರ ಎಲ್ಲಿಗೆ ಅನ್ನುವುದು ಈ ಉತ್ತರದ ಮೇಲೆ ನಿಂತಿದೆ.

ಹೆಜ್ಜೆ 4: ಮನೆ

ಇಲ್ಲಿ ಜಾಸ್ತಿ ಹೇಳಲಿಕ್ಕೆ ಏನಿಲ್ಲ. ಸೊಳ್ಳೆ ಪರದೆ ತೆಗೆದಿಡಿ, ಮಳೆ ನಿಂತ ಮೇಲಿನ ತಿಂಗಳು ಸೊಳ್ಳೆಯ ತಿಂಗಳು. ಅಂಗಳದಲ್ಲಿ ಎರಡು ಕೊಡಪಾನ ನೀರು, ಒಂದು ಚೊಂಬು. ಕಾಲು ತೊಳೆಯದೆ ಯಾರೂ ಒಳಗೆ ಬರಬಾರದು, ಇಲ್ಲವಾದರೆ ಹಾಸಿಗೆಯೊಳಗಿನ ಮರಳು ಕ್ರಿಸ್‌ಮಸ್ ತನಕ ಸಿಗುತ್ತಾ ಇರುತ್ತದೆ. ಒದ್ದೆ ಬಟ್ಟೆಗೆ ಜಗಲಿಯ ಮಾಡಿನ ಕೆಳಗೆ ಹಗ್ಗ ಕಟ್ಟಿ. ಹೊರಗೆ ಕಟ್ಟಿದರೆ ಚಿತ್ತಾ ಮಳೆ ಇನ್ನೊಮ್ಮೆ ತೊಳೆದುಕೊಡುತ್ತದೆ.

ಹೆಜ್ಜೆ 5: ಶನಿವಾರ ಬೆಳಿಗ್ಗೆ ಮೀನು ಪೇಟೆ, ಮಧ್ಯಾಹ್ನ ನಿದ್ದೆ

ರಾತ್ರಿ ಪ್ರಯಾಣ ಮಾಡಿ ಬಂದವರನ್ನು ನೇರ ಕಡಲಿಗೆ ಕರೆದುಕೊಂಡು ಹೋಗಬೇಡಿ. ಕೊಟ್ಟೆ ಕಡುಬೋ ನೀರು ದೋಸೆಯೋ ತಿನ್ನಿಸಿ. ಉತ್ಸಾಹ ಇದ್ದವರನ್ನು ಮಾತ್ರ ಮೀನು ಪೇಟೆಗೆ ಕರೆದುಕೊಂಡು ಹೋಗಿ.

ಯಾಂತ್ರಿಕ ಬೋಟುಗಳಿಗೆ ಜೂನ್ 1ರಿಂದ ಜುಲೈ 31ರ ತನಕ ರಜೆ. ಆಗಸ್ಟ್‌ನಲ್ಲಿ ಮತ್ತೆ ಶುರುವಾದರೂ ಕಡಲು ಪೂರ್ತಿ ತಣ್ಣಗಾಗುವುದು ಅಕ್ಟೋಬರ್ ಹೊತ್ತಿಗೆ. ಆಗ ಬಂಗುಡೆ, ಬೈಗೆ (ದಕ್ಷಿಣದವರ ಬೂತಾಯಿ, ಉತ್ತರ ಕನ್ನಡದವರ ತಾರ್ಲೆ) ಬುಟ್ಟಿಗಟ್ಟಲೆ ಬರುತ್ತದೆ. ಹೊರ ಊರಿಂದ ಬಂದವರು ಅಂಜಲ್, ಪಾಂಪ್ಲೆಟ್ ಅಂತ ದುಬಾರಿ ಮೀನಿನ ಹತ್ತಿರವೇ ನಿಲ್ಲುತ್ತಾರೆ. ಅವರನ್ನು ಮೆಲ್ಲಗೆ ಬಂಗುಡೆಯ ಕಡೆ ತಿರುಗಿಸಿ. ಈ ತಿಂಗಳಲ್ಲಿ ಅದರ ರುಚಿಯೇ ಬೇರೆ, ದುಡ್ಡೂ ಉಳಿಯಿತು.

ತಾಜಾ ಹೌದೋ ಅಲ್ಲವೋ ನೋಡುವುದು ಹೀಗೆ. ಕಿವಿರು ಎತ್ತಿ, ಒಳಗೆ ಕೆಂಪಗಿರಬೇಕು, ಕಂದು ತಿರುಗಿದ್ದರೆ ಬೇಡ. ಕಣ್ಣು ಉಬ್ಬಿ ಹೊಳೆಯುತ್ತಿರಬೇಕು. ಬೆನ್ನ ಮೇಲೆ ಬೆರಳಿಂದ ಒತ್ತಿದರೆ ಗುಳಿ ತಕ್ಷಣ ತುಂಬಬೇಕು. ಬಂಗುಡೆಯನ್ನು ತಲೆ ಹಿಡಿದು ಅಡ್ಡಕ್ಕೆ ಎತ್ತಿದರೆ ಬಾಲ ಜೋಲಬಾರದು, ಕೋಲಿನ ಹಾಗೆ ನೆಟ್ಟಗೆ ನಿಲ್ಲಬೇಕು. ಇದನ್ನೆಲ್ಲ ಮಾಡುವಾಗ ಮೀನು ಮಾರುವ ಅಕ್ಕ "ಮುಟ್ಟಿ ಮುಟ್ಟಿ ಹಾಳ್ ಮಾಡ್ಬೇಡಿ ಮಾರಾಯ್ರೆ" ಅಂತ ಗದರಿಸುತ್ತಾರೆ. ಅದೂ ಅನುಭವದ ಭಾಗವೇ. ಕ್ಯಾಮೆರಾ ಹಿಡಿಯುವ ಮೊದಲು ಅವರನ್ನು ಒಂದು ಮಾತು ಕೇಳಿ ಅಂತ ಗೆಳೆಯರಿಗೆ ಹೇಳಿಕೊಡಿ. ವ್ಯಾಪಾರದ ಹೊತ್ತಲ್ಲಿ ಮುಖಕ್ಕೆ ಫೋನ್ ಹಿಡಿದರೆ ಯಾರಿಗೆ ತಾನೇ ಇಷ್ಟ?

ಮನೆಗೆ ಬಂದು ಕುಚ್ಚಲಕ್ಕಿ ಅನ್ನ, ಮೀನು ಸಾರು, ಹುರಿದ ಬಂಗುಡೆ. ತರಕಾರಿಯವರಿಗೆ ಅಲಸಂಡೆ ಪಲ್ಯ, ಸೌತೆಕಾಯಿ ಹುಳಿ, ಪುನರ್ಪುಳಿ ಸಾರು. ಊಟ ಆದಮೇಲೆ ಫ್ಯಾನ್ ಹಾಕಿ ಎಲ್ಲರನ್ನೂ ಮಲಗಿಸಿ. ಹನ್ನೊಂದರಿಂದ ಮೂರೂವರೆ ತನಕ ಹೊರಗೆ ಹೋಗಿ ಪ್ರಯೋಜನವಿಲ್ಲ. ಮಾತಿಗೆ ಕೂತವರು ಕೂತಿರಲಿ. ನನ್ನ ಅನುಭವದಲ್ಲಿ ಇಷ್ಟು ದೂರದಿಂದ ಬಂದವರು ನಿಜವಾಗಿ ಮಾತಾಡುವುದು ಈ ಮೂರು ಗಂಟೆಯಲ್ಲೇ, ಅರ್ಧ ನಿದ್ದೆಯಲ್ಲಿ, ಚಾಪೆಯ ಮೇಲೆ ಉರುಳಿಕೊಂಡು.

ಹೆಜ್ಜೆ 6: ಶನಿವಾರ ಸಂಜೆ ಕೋಡಿ, ಮತ್ತು ಮರಳಲ್ಲಿ ಹೂತ ಕಾರು

ಮೊದಲ ಸಂಜೆಗೆ ದೂರ ಬೇಡ. ನಮಗೆ ಕೋಡಿ ಇದೆ. ಕುಂದಾಪುರ ಪೇಟೆಯಿಂದ ಹತ್ತು-ಹದಿನೈದು ನಿಮಿಷ. ಸೌಪರ್ಣಿಕಾ, ವಾರಾಹಿ, ಚಕ್ರಾ, ಕುಬ್ಜಾ, ಖೇಟಾ ಐದೂ ಸೇರಿ ಪಂಚಗಂಗಾವಳಿಯಾಗಿ ಕಡಲು ಸೇರುವ ಅಳಿವೆಯ ತೆಂಕಣ ಬದಿ ಅದು. ಆಚೆ ದಡದಲ್ಲಿ ಕಾಣುವುದು ಗಂಗೊಳ್ಳಿ. ಕೂಗಿದರೆ ಕೇಳಿಸುವಷ್ಟು ಹತ್ತಿರ ಅನ್ನಿಸುತ್ತದೆ, ರಸ್ತೆಯಲ್ಲಿ ಹೋಗಬೇಕಾದರೆ ಮಾತ್ರ ತ್ರಾಸಿ ಸುತ್ತಿ ಬರಬೇಕು.

ಸೂರ್ಯಾಸ್ತ ಅಕ್ಟೋಬರ್ ಮಧ್ಯದಲ್ಲಿ 6.10ರ ಆಸುಪಾಸು, ನವೆಂಬರ್ ಮಧ್ಯಕ್ಕೆ 6 ಗಂಟೆಗೇ. ನಾಲ್ಕೂವರೆಗೆ ಮನೆ ಬಿಡಿ. ಐದು ಗಂಟೆಗೆ ಹೊರಟರೆ ಪಾರ್ಕಿಂಗ್, ಕಡ್ಲೆಕಾಯಿ, ಚರ್ಮುರಿ ಅನ್ನುವಷ್ಟರಲ್ಲಿ ಸೂರ್ಯ ಅರ್ಧ ಮುಳುಗಿರುತ್ತಾನೆ.

ಈಗ ಆ ಕಥೆ. ಕೆಲವು ವರ್ಷದ ಹಿಂದೆ, ಗೆಳತಿಯ ಗಂಡ ಹೊಸ ಕಾರು ತಂದಿದ್ದರು. "ಮರಳು ಗಟ್ಟಿ ಇದೆ, ನೀರಿನ ಹತ್ತಿರ ಒಂದು ಫೋಟೋ" ಅಂತ ಕೆಳಗೆ ಇಳಿಸಿಯೇ ಬಿಟ್ಟರು. ನಾನು ಬೇಡ ಅನ್ನಲಿಲ್ಲ, ತಪ್ಪು ನನ್ನದೇ. ಫೋಟೋ ಬಂತು. ತಿರುಗಿಸುವಾಗ ಮುಂದಿನ ಚಕ್ರ ಒಣ ಮರಳಿನ ಪಟ್ಟಿಗೆ ಬಿತ್ತು. ಅವರು ಆಕ್ಸಿಲರೇಟರ್ ಒತ್ತಿದರು. ಚಕ್ರ ತಿರುಗಿತು, ಕಾರು ಅಲ್ಲೇ ಕೂತಿತು. ಇನ್ನೊಮ್ಮೆ ಒತ್ತಿದರು, ಇನ್ನೂ ನಾಲ್ಕು ಇಂಚು ಒಳಗೆ. ಅವತ್ತು ಅಷ್ಟಮಿ. ನೀರು ಏರುತ್ತಿತ್ತು. ಒಂದೊಂದು ಅಲೆ ಬಂದು ಹಿಂದಿನ ಅಲೆ ಎಳೆದ ಗೆರೆಯನ್ನು ದಾಟುತ್ತಿತ್ತು. ಗೆಳತಿ ಏನೂ ಮಾತಾಡದೆ ಕಾರಿನಿಂದ ಚೀಲಗಳನ್ನು ಒಂದೊಂದಾಗಿ ತೆಗೆದು ಮೇಲೆ ಸಾಗಿಸುತ್ತಿದ್ದಳು. ಅವಳ ಆ ಮೌನ ನನಗೆ ಇವತ್ತಿಗೂ ನೆನಪಿದೆ.

ಕಾಪಾಡಿದ್ದು ಬಲೆ ಸರಿಮಾಡುತ್ತಾ ಕೂತಿದ್ದ ಐದಾರು ಜನ. ಮೊದಲು ಎಂಜಿನ್ ಆಫ್ ಮಾಡಿಸಿದರು. ಟಯರಿನ ಗಾಳಿ ಅರ್ಧದಷ್ಟು ಬಿಡಿಸಿದರು. ಕೈಯಿಂದಲೇ ಚಕ್ರದ ಮುಂದಿನ ಮರಳು ಬಗೆದು, ಬಿದ್ದಿದ್ದ ತೆಂಗಿನ ಮಡಲು ತಂದು ಅಡಿಗೆ ತುರುಕಿದರು. ಆಮೇಲೆ ಎಲ್ಲರೂ ಹಿಂದಿನಿಂದ ದೂಡುತ್ತಾ, "ಮೆಲ್ಲ, ಮೆಲ್ಲ, ಎಕ್ಸಿಲೇಟರ್ ಕೊಡ್ಬೇಡಿ" ಅಂತ ಕೂಗುತ್ತಾ ಎರಡನೇ ಗೇರಿನಲ್ಲಿ ಹತ್ತಿಸಿದರು. ದುಡ್ಡು ಕೊಡಹೋದರೆ ತೆಗೆದುಕೊಳ್ಳಲಿಲ್ಲ. ಎಲ್ಲರಿಗೂ ಚಾ ಕುಡಿಸಿದೆವು.

ಅದಕ್ಕೇ ಈಗ ನನ್ನ ಮನೆಯ ಕಾನೂನು: ಕಾರು ಡಾಂಬರು ಬಿಟ್ಟು ಇಳಿಯುವ ಹಾಗಿಲ್ಲ.

ಕೆಲವು ಸಲ ಕೈರಂಪಣಿ ಎಳೆಯುವುದು ಸಿಗುತ್ತದೆ. ದೋಣಿಯಲ್ಲಿ ಹೋಗಿ ಅರ್ಧಚಂದ್ರದ ಹಾಗೆ ಬಲೆ ಬಿಟ್ಟು ಬಂದು, ಎರಡೂ ತುದಿಯನ್ನು ದಡದಿಂದ ಎಳೆಯುತ್ತಾರೆ. ಹಿಂದೆ ದೊಡ್ಡ ರಂಪಣಿಗೆ ಊರಿಗೆ ಊರೇ ಬೇಕಿತ್ತು. 1970ರ ದಶಕದ ಕೊನೆಗೆ ದೊಡ್ಡ ಸುತ್ತುಬಲೆ ಬೀಸುವ ಪರ್ಸೀನ್ ಬೋಟುಗಳು ಜಾಸ್ತಿಯಾಗಿ ಅದು ಮೂಲೆ ಸೇರಿತು. ಕೈರಂಪಣಿ ಅದರ ಸಣ್ಣ ತಂಗಿ. "ನಾವೂ ಕೈ ಹಾಕ್ಬಹುದಾ?" ಅಂತ ಕೇಳಿದರೆ ಸಾಮಾನ್ಯವಾಗಿ ಬೇಡ ಅನ್ನುವುದಿಲ್ಲ. ಹಗ್ಗ ಒದ್ದೆ, ಒರಟು, ಅಂಗೈ ಉರಿಯುತ್ತದೆ. ಹತ್ತು ನಿಮಿಷಕ್ಕೆ ಬೆಂಗಳೂರಿನವರು ಕೈಬಿಡುತ್ತಾರೆ. ಬಲೆ ದಡಕ್ಕೆ ಬಂದು ಬೆಳ್ಳಿಯ ಹಾಗೆ ಮೀನು ಪಟಪಟ ಹಾರುವಾಗ ಮಕ್ಕಳ ಮುಖ ನೋಡಬೇಕು.

ಹೆಜ್ಜೆ 7: ನೀರಿಗಿಳಿಯುವ ಮೊದಲು ಈ ಭಾಗ ಗಟ್ಟಿಯಾಗಿ ಓದಿ ಹೇಳಿ

ಮಳೆಗಾಲ ಕಡಲತಳದ ಮರಳನ್ನೆಲ್ಲ ಕಲಕಿರುತ್ತದೆ. ಹೋದ ಬೇಸಿಗೆಯಲ್ಲಿ ಮಂಡಿಯಷ್ಟು ನೀರಿದ್ದ ಜಾಗದಲ್ಲಿ ಈಗ ಗುಂಡಿ ಇರಬಹುದು. "ಹೋದ ಸಲ ಇಲ್ಲೇ ಆಡಿದ್ವಲ್ಲ" ಅನ್ನುವ ಮಾತಿಗೆ ಬೆಲೆ ಇಲ್ಲ.

ಸೆಳೆತ ಇರುವ ಜಾಗ ಗುರುತಿಸುವುದು ಕಲಿಸಿ. ಎರಡೂ ಪಕ್ಕ ಅಲೆ ಒಡೆದು ಬಿಳಿ ನೊರೆ ಇರುತ್ತದೆ, ನಡುವೆ ಒಂದು ಪಟ್ಟಿಯಲ್ಲಿ ಮಾತ್ರ ಅಲೆಯಿಲ್ಲ, ನೀರು ಸಮತಟ್ಟು, ಬಣ್ಣ ಗಾಢ ಅಥವಾ ಕೆಸರು. ಹೊಸಬರಿಗೆ ಅದೇ ಶಾಂತವಾದ ಜಾಗ ಅನ್ನಿಸುತ್ತದೆ, ಅಲ್ಲಿಗೇ ಇಳಿಯುತ್ತಾರೆ. ದಡಕ್ಕೆ ಬಂದ ನೀರೆಲ್ಲ ವಾಪಸ್ ಹೋಗುವ ದಾರಿ ಅದು. ಸಿಕ್ಕಿಕೊಂಡರೆ ದಡದ ಕಡೆ ಈಜಿ ಸುಸ್ತಾಗಬಾರದು. ಮೊದಲು ತೇಲಬೇಕು, ಕೈ ಎತ್ತಿ ಕರೆಯಬೇಕು, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಸೆಳೆತದಿಂದ ಹೊರಬಂದ ಮೇಲೆ ದಡದ ಕಡೆ ತಿರುಗಬೇಕು. ದಡದಲ್ಲಿದ್ದವರು ಉಳಿಸಲಿಕ್ಕೆ ಅಂತ ಹಿಂದೆಯೇ ಹಾರಬಾರದು. ಹಗ್ಗ, ಖಾಲಿ ಕ್ಯಾನು, ಏನಾದರೂ ತೇಲುವ ವಸ್ತು ಎಸೆದು ಜನ ಕೂಗಿ. ಜೀವರಕ್ಷಕರು ಇರುವ ತೀರದಲ್ಲಿ ಅವರು ಹೇಳಿದ್ದೇ ಕೊನೆ ಮಾತು. ಸ್ಥಳೀಯರು "ಇಲ್ಲಿ ಇಳಿಬೇಡಿ" ಅಂದರೆ ವಾದ ಬೇಡ.

ಅಳಿವೆಯ ಬಾಯಲ್ಲಿ ಯಾವತ್ತೂ ಇಳಿಯುವ ಹಾಗಿಲ್ಲ. ಇಳಿತದ ಹೊತ್ತಲ್ಲಿ ಐದು ಹೊಳೆಯ ನೀರು ಒಟ್ಟಿಗೆ ಹೊರಗೆ ನುಗ್ಗುತ್ತಿರುತ್ತದೆ. ಬ್ರೇಕ್‌ವಾಟರ್ ಕಲ್ಲುಗಳ ಮೇಲೆ ಪಾಚಿ, ಸೆಲ್ಫಿಗೆ ಅಂತ ಕೆಳಗಿನ ಕಲ್ಲಿಗೆ ಇಳಿಯುವುದು ಬೇಡ. ಕುಡಿದವರಿಗೆ ನೀರು ಬಂದ್. ಕತ್ತಲಾದ ಮೇಲೆ ಎಲ್ಲರಿಗೂ ಬಂದ್.

ಜೆಲ್ಲಿ ಮೀನು ತಾಗಿದರೆ ಉಜ್ಜಬೇಡಿ, ಸಿಹಿನೀರು ಹಾಕಬೇಡಿ. ಕಡಲ ನೀರಲ್ಲೇ ತೊಳೆದು, ಅಂಟಿಕೊಂಡ ಎಳೆಯನ್ನು ಬರಿಗೈ ತಾಗಿಸದೆ ತೆಗೆದು, ಚರ್ಮ ತಡೆಯುವಷ್ಟು ಬಿಸಿನೀರಲ್ಲಿ ಇಟ್ಟರೆ ಉರಿ ಇಳಿಯುತ್ತದೆ. ಉಸಿರಾಟ ಕಷ್ಟವಾದರೆ, ಮುಖ ಊದಿಕೊಂಡರೆ ನೇರ ಆಸ್ಪತ್ರೆಗೆ.

ಇನ್ನು ಮಿಂಚು. ಅಕ್ಟೋಬರ್ ಸಂಜೆಗೆ ಇದು ಕಡಲಿಗಿಂತ ದೊಡ್ಡ ಅಪಾಯ. ಮಿಂಚು ಕಂಡಾಗಿನಿಂದ ಗುಡುಗು ಕೇಳುವ ತನಕ ಸೆಕೆಂಡ್ ಎಣಿಸಿ, ಮೂರರಿಂದ ಭಾಗಿಸಿದರೆ ಎಷ್ಟು ಕಿಲೋಮೀಟರ್ ದೂರ ಅಂತ ಸಿಗುತ್ತದೆ. 30 ಎಣಿಸುವುದರೊಳಗೆ ಗುಡುಗಿದರೆ ಎದ್ದು ಹೊರಡಬೇಕು. ಕಾರಿನೊಳಗೆ ಕೂರಬಹುದು, ಗಟ್ಟಿ ಕಟ್ಟಡಕ್ಕೆ ಹೋಗಬಹುದು. ತೆಂಗಿನ ಮರದಡಿ, ತಗಡಿನ ಅಂಗಡಿಯ ಚಪ್ಪರದಡಿ ನಿಲ್ಲಬಾರದು. ತೆಂಗಿನ ತಲೆ ಸುಟ್ಟು ನಿಂತ ಮರ ನಮ್ಮೂರಲ್ಲಿ ಎಷ್ಟು ಬೇಕಾದರೂ ತೋರಿಸಬಲ್ಲೆ. ಪುಣೆಯ ಹವಾಮಾನ ವಿಜ್ಞಾನಿಗಳು ಮಾಡಿದ, ಮಿಂಚಿನ ಮುನ್ನೆಚ್ಚರಿಕೆ ಕೊಡುವ ದಾಮಿನಿ ಆ್ಯಪ್ ಫೋನಲ್ಲಿರಲಿ. ನನ್ನ ಅಮ್ಮನಿಗೆ ಅದೂ ಬೇಡ, ಮೂಡಣ ಬದಿಗೆ ಒಮ್ಮೆ ನೋಡಿ "ಇವತ್ತ್ ಬ್ಯಾಡ, ನಾಳೆ ಕಾಂಬ" ಅಂದರೆ ಮುಗಿಯಿತು. ಆ್ಯಪ್‌ಗಿಂತ ಅಮ್ಮನೇ ಜಾಸ್ತಿ ಸರಿ.

ಹೆಜ್ಜೆ 8: ಭಾನುವಾರ ಒಂದೇ ಕಡೆ

ತೆಂಕಕ್ಕೆ ಹೋಗುತ್ತೀರೋ, ಬಡಗಿಗೆ ಹೋಗುತ್ತೀರೋ? ಒಂದನ್ನೇ ಆರಿಸಿ.

ತೆಂಕಕ್ಕೆ ಅಂದರೆ ಮಲ್ಪೆ ಮತ್ತು ಸೇಂಟ್ ಮೇರೀಸ್ ದ್ವೀಪ. ಬೋಟು ಮಳೆಗಾಲದಲ್ಲಿ ಬಂದ್, ಮತ್ತೆ ಶುರುವಾಗುವುದು ಕಡಲ ಸ್ಥಿತಿ ನೋಡಿ. ಅಲೆ ಜಾಸ್ತಿ ಇದ್ದ ದಿನ ಮಧ್ಯದಲ್ಲೂ ನಿಲ್ಲಿಸುತ್ತಾರೆ. ಹಿಂದಿನ ದಿನ ಫೋನ್ ಮಾಡಿ ಕೇಳದೆ ಹೊರಡಬೇಡಿ. ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟು ಮೊದಲ ಬೋಟುಗಳಲ್ಲಿ ಹೋದರೆ ಬಿಸಿಲೂ ಕಮ್ಮಿ, ಜನವೂ ಕಮ್ಮಿ.

ಅಲ್ಲಿ ಮರಳಿಗಿಂತ ಕಲ್ಲು ನೋಡಿ. ಪೆನ್ಸಿಲ್ ಕಟ್ಟು ನಿಲ್ಲಿಸಿದ ಹಾಗೆ ಐದು-ಆರು ಮೂಲೆಯ ಕಂಬಗಳು, ಕೆಲವು ನೆಟ್ಟಗೆ, ಕೆಲವು ಓರೆ. ಸುಮಾರು 8.8 ಕೋಟಿ ವರ್ಷದ ಹಿಂದೆ ಮಡಗಾಸ್ಕರ್ ನಮ್ಮಿಂದ ಬೇರೆಯಾಗುವ ಹೊತ್ತಲ್ಲಿ ಉಕ್ಕಿದ ಲಾವಾ ಆರಿ, ಕುಗ್ಗಿ, ಒಣಗಿದ ಕೆರೆಯ ಕೆಸರು ಬಿರಿದ ಹಾಗೆ ಬಿರಿದದ್ದು. ಬಿರುಕು ಮೇಲಿನಿಂದ ಕೆಳಗಿನ ತನಕ ಇಳಿದು ಕಂಬವಾಯಿತು. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಇದು. 1498ರಲ್ಲಿ ವಾಸ್ಕೋ ಡ ಗಾಮ ಇಲ್ಲಿ ಇಳಿದು ಹೆಸರಿಟ್ಟ ಅನ್ನುವ ಕಥೆಯನ್ನು ಬೋಟಿನವರು ಹೇಳಿಯೇ ಹೇಳುತ್ತಾರೆ. ಮಕ್ಕಳಿಗೆ ಮಡಗಾಸ್ಕರ್ ಕಥೆ ಹೇಳಿ, ಅದು ಇನ್ನೂ ಮಜಾ ಇದೆ. ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವ ಸ್ಯಾಂಡಲ್ ಹಾಕಿಸಿ. ಕಪ್ಪೆಚಿಪ್ಪಿನ ಚೂರು ಕಾಲು ಕುಯ್ಯುತ್ತದೆ. ನೀರು, ಟೋಪಿ ಜೊತೆಗಿರಲಿ. ಖಾಲಿ ಬಾಟಲಿ ವಾಪಸ್ ಬರಲಿ. ವಾಪಸ್ ಬರುವಾಗ ಉಡುಪಿಯಲ್ಲಿ ಮಠದ ದರ್ಶನ, ಊಟ, ಒಂದು ಗಡ್‌ಬಡ್ ಐಸ್‌ಕ್ರೀಮು.

ಬೋಟಿನಲ್ಲಿ ವಾಂತಿ ಅನ್ನುವವರು, ವಯಸ್ಸಾದವರು ಇದ್ದರೆ ಬಡಗಿಗೆ. ಮರವಂತೆ ಕುಂದಾಪುರದಿಂದ 15 ಕಿಮೀ ಆಸುಪಾಸು. ಹೆದ್ದಾರಿಯ ಒಂದು ಪಕ್ಕ ಕಡಲು, ಇನ್ನೊಂದು ಪಕ್ಕ ಸೌಪರ್ಣಿಕಾ. ಎಲ್ಲರೂ ಫೋಟೋದಲ್ಲಿ ನೋಡಿರುತ್ತಾರೆ, ಆದರೂ ಕಾರಿನಿಂದ ಇಳಿದಾಗ ಒಮ್ಮೆ "ಅಯ್ಯೋ!" ಅನ್ನುತ್ತಾರೆ. ಇಲ್ಲಿ ಎರಡು ಎಚ್ಚರಿಕೆ. ಕಡಲು ದಡದಲ್ಲೇ ಆಳ, ಈಜುವ ಜಾಗ ಅಲ್ಲ. ಮತ್ತೆ ಅದು ಚತುಷ್ಪಥ ಹೆದ್ದಾರಿ, ಲಾರಿ ಬಸ್ಸು ರೊಂಯ್ಯನೆ ಬರುತ್ತವೆ. ಗಾಡಿ ನಿಲ್ಲಿಸಲು ಮಾಡಿದ ಜಾಗದಲ್ಲೇ ನಿಲ್ಲಿಸಿ, ಮಕ್ಕಳ ಕೈ ಹಿಡಿದುಕೊಳ್ಳಿ. ಜನ ಹೊಳೆಗೆ ಬೆನ್ನು ಹಾಕಿ ಕಡಲನ್ನೇ ನೋಡುತ್ತಾರೆ. ನಾನು ಉಲ್ಟಾ ನಿಲ್ಲಿಸುತ್ತೇನೆ. ಬೆಳಗಿನ ಏಳೂವರೆಗೆ ಹೊಳೆಯ ಮೇಲಿನ ಬಿಸಿಲು, ಹಿಂದೆ ಕೊಡಚಾದ್ರಿಯ ಸಾಲು, ಮಳೆ ತೊಳೆದ ಗಾಳಿಯಲ್ಲಿ ಅಷ್ಟು ಸ್ಪಷ್ಟ ಬೇಸಿಗೆಯಲ್ಲಿ ಕಾಣುವುದೇ ಇಲ್ಲ.

ಅಲ್ಲಿಂದ ಮುಂದೆ ಬೈಂದೂರಿನ ಸೋಮೇಶ್ವರ, ಒತ್ತಿನೆಣೆ. ಒತ್ತಿನೆಣೆ ಗುಡ್ಡದ ಮೇಲಿನಿಂದ ಕಡಲು ಕೆಳಗೆ ಕಾಣುತ್ತದೆ, ಮಂಡಿ ನೋವಿನವರಿಗೂ ಸುಲಭ. ರಾತ್ರಿಯ ರೈಲು ಇದ್ದವರು ಸೂರ್ಯಾಸ್ತ ಅಲ್ಲಿ ನೋಡಬೇಡಿ, ವಾಪಸ್ ಬರುವಷ್ಟರಲ್ಲಿ ಓಟಕ್ಕೆ ಓಟ. ಮಳೆ ಹಿಡಿದುಕೊಂಡು ಬಿಡಲೇ ಇಲ್ಲ ಅಂದರೆ ಬಸ್ರೂರಿಗೆ ಹೋಗಿ. ಈಗ ನಿಶ್ಶಬ್ದವಾದ ಊರು, ಹಿಂದೆ ದೊಡ್ಡ ಬಂದರು. 1665ರಲ್ಲಿ ಶಿವಾಜಿ ಹಡಗಿನಲ್ಲಿ ಬಂದು ಕೊಳ್ಳೆ ಹೊಡೆದು ಹೋಗುವಷ್ಟು ಶ್ರೀಮಂತ. ಕೊಡೆ ಹಿಡಿದು ದೇವಸ್ಥಾನ, ಕೆರೆ, ಹಳೇ ಬೀದಿ ಸುತ್ತಲು ಒಂದೂವರೆ ಗಂಟೆ ಸಾಕು.

ರಾತ್ರಿಗೆ

ದೀಪಾವಳಿ ಕಳೆದ ಮೇಲೆ ಯಕ್ಷಗಾನ ಮೇಳಗಳು ತಿರುಗಾಟಕ್ಕೆ ಹೊರಡುತ್ತವೆ. ಮಂದಾರ್ತಿ, ಮಾರಣಕಟ್ಟೆ ಮೇಳಗಳ ಹರಕೆ ಆಟ ಎಲ್ಲೋ ಒಂದು ಕಡೆ ಇದ್ದೇ ಇರುತ್ತದೆ, ಟಿಕೆಟ್ ಇಲ್ಲ. ಪಕ್ಕದ ಮನೆಯವರನ್ನು ಕೇಳಿದರೆ ಸಾಕು. ಚಾಪೆ, ಶಾಲು, ಫ್ಲಾಸ್ಕಿನಲ್ಲಿ ಕಾಫಿ. ಹೊಸಬರಿಗೆ ಪ್ರಸಂಗದ ಕಥೆಯನ್ನು ಕಾರಿನಲ್ಲೇ ಐದು ನಿಮಿಷ ಹೇಳಿಬಿಡಿ. ಚೌಕಿ (ವೇಷ ಕಟ್ಟುವ ಜಾಗ) ತೋರಿಸಿ, ಬಣ್ಣ ಬಳಿಯುವುದನ್ನು ದೂರ ನಿಂತು ನೋಡಲಿ. ಇಡೀ ರಾತ್ರಿ ಕೂರುವ ಹಠ ಬೇಡ, ಹನ್ನೆರಡಕ್ಕೆ ಎದ್ದು ಬಂದರೆ ಯಾರೂ ಏನೂ ಅಂದುಕೊಳ್ಳುವುದಿಲ್ಲ. ನವೆಂಬರ್ ಕೊನೆ, ಡಿಸೆಂಬರ್‌ನಲ್ಲಿ ಕೋಟೇಶ್ವರದ ಕೊಡಿ ಹಬ್ಬ (ಅಲ್ಲಿನ ದೇವಸ್ಥಾನದ ತೇರು) ಸಿಕ್ಕಿದರೆ ಹೊಸದಾಗಿ ಮದುವೆಯಾದ ಗೆಳೆಯರನ್ನು ಅದಕ್ಕೇ ಕರೆಯಿರಿ. ಕಬ್ಬಿನ ಕೊಡಿ ಹಿಡಿದು ಮನೆಗೆ ಬರುವ ಜೋಡಿಗಳ ನಡುವೆ ಅವರೂ ಒಂದು ಜೋಡಿ.

ಆಟ ಇಲ್ಲದ ರಾತ್ರಿ ಊಟ ಮುಗಿಸಿ ಕಡಲ ಬದಿಗೆ ಸುಮ್ನೆ ಒಂದು ಸುತ್ತು, ನೀರಿಗೆ ಇಳಿಯದೆ. 2020ರ ನವೆಂಬರ್‌ನಲ್ಲಿ ಉಡುಪಿ-ಮಂಗಳೂರು ಕಡಲಲ್ಲಿ ಅಲೆ ಒಡೆದಲ್ಲೆಲ್ಲ ನೀಲಿ ಬೆಳಕು ಕಂಡಿತ್ತು, ಜನ ಸಾಲುಗಟ್ಟಿ ಹೋಗಿದ್ದರು. ನಾಕ್ಟಿಲೂಕಾ ಅನ್ನುವ ಸೂಕ್ಷ್ಮಜೀವಿಯ ಕೆಲಸ. ಹೇಳಿ ಬರುವುದಲ್ಲ ಅದು, ಸಿಕ್ಕಿದರೆ ಸಿಕ್ಕಿತು.

ಹೆಜ್ಜೆ 9: ಕಳಿಸಿಕೊಡುವುದು

ಭಾನುವಾರ ನಾಲ್ಕು ಗಂಟೆಗೆ ಮನೆಯಲ್ಲಿರಿ. ಸ್ನಾನ ಮಾಡಿ, ಒಣಗಿದ ಬಟ್ಟೆ ಮಡಿಸಿ, ಗೋಳಿಬಜೆ ಚಾ ಕುಡಿದು ಹೊರಡಲು ಎರಡು ಗಂಟೆ ಬೇಕು. ಒದ್ದೆ ಬಟ್ಟೆಗೆ ಬೇರೆ ಪ್ಲಾಸ್ಟಿಕ್ ಚೀಲ ಕೊಡಿ. ಫೋನ್ ಚಾರ್ಜರ್, ಮಕ್ಕಳ ಟೋಪಿ, ಬಾತ್‌ರೂಮಿನ ಉಂಗುರ, ಈ ಮೂರನ್ನು ನೀವೇ ಒಮ್ಮೆ ಹುಡುಕಿ. ಕೊರಿಯರ್ ಮಾಡುವ ತಾಪತ್ರಯ ತಪ್ಪುತ್ತದೆ.

ಕೊಟ್ಟು ಕಳಿಸುವುದು: ಎರಡು ಸುಲಿದ ತೆಂಗಿನಕಾಯಿ, ಕುಚ್ಚಲಕ್ಕಿ, ಪುನರ್ಪುಳಿ ಸಿಪ್ಪೆ. ಹಸಿ ಮೀನು ಬೇಕೇ ಬೇಕು ಅಂದರೆ ಕತ್ತರಿಸಿ, ತೊಳೆದು, ಉಪ್ಪು ಅರಿಶಿನ ಸವರಿ, ಹಿಂದಿನ ರಾತ್ರಿಯೇ ಫ್ರೀಜರ್‌ನಲ್ಲಿ ಗಟ್ಟಿ ಮಾಡಿ, ಮಂಜುಗಡ್ಡೆ ಹಾಕಿದ ಥರ್ಮಾಕೋಲ್ ಡಬ್ಬದಲ್ಲಿ ಟೇಪ್ ಸುತ್ತಿ ಕೊಡಿ. ಬೆಳಿಗ್ಗೆ ತನಕ ತಡೆಯುತ್ತದೆ. ಒಣ ಸೀಗಡಿ ಕೊಡುವುದಾದರೆ ಮೂರು ಪದರ ಪ್ಲಾಸ್ಟಿಕ್, ಮೇಲೊಂದು ಸ್ಟೀಲ್ ಡಬ್ಬಿ, ಬಸ್ಸಿನಲ್ಲಾದರೆ ಕೆಳಗಿನ ಡಿಕ್ಕಿಗೆ. ಒಮ್ಮೆ ಬರೀ ಪೇಪರ್ ಸುತ್ತಿ ಕೊಟ್ಟಿದ್ದೆ. ಸ್ಲೀಪರ್ ಎಸಿ ಬಸ್ಸು. ಸಿದ್ದಾಪುರ ದಾಟುವ ಮೊದಲೇ ಗೆಳತಿಯ ಫೋನ್ ಬಂತು: "ಏನೇ ಕೊಟ್ಟಿದ್ದೀಯಾ? ಕ್ಲೀನರ್ ಎಲ್ಲರ ಸೀಟಿನ ಕೆಳಗೆ ಟಾರ್ಚ್ ಹಾಕಿ ಸತ್ತ ಇಲಿ ಹುಡುಕ್ತಿದ್ದಾನೆ!"